ಪಾಚಿ ತಿನ್ನುವ ಶಾಕಾಹಾರಿಗಳು

ಮಗಳೇ ಉಮಾಶ್ರೀ,

ನಿನಗೆ ಕಾಗದ ಕಳಿಸಬಾರದೆಂದು ನಿಮ್ಮಪ್ಪ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾನೆ. ಬರೆಯಬಾರದೆಂದು ಹೇಳಿಲ್ಲ. ನಿನ್ನ ಕಾಕಾನ ಪರಾಕ್ರಮವನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ನೀನು ಮದುವೆಯಾಗಿ ಹೋದ ಮೇಲೆ ನಿನ್ನ ಮೀನಿನ ಟ್ಯಾಂಕಿನ ಗಾಜೆಲ್ಲ ಪಾಚಿಗಟ್ಟಿತು. ಮೀನುಗಳು ಯಾರದೋ ಹಸಿರು ಕನಸಿನೊಳಗೆ ತೇಲಿದಂತೆ ಕಾಣುತ್ತಿದ್ದವು. "ಅದನ್ನ ಹೊರಗ ಒಗಿ" ಅಂದ ನಿಮ್ಮಪ್ಪ. ನಾನು ಸೀದಾ ಉಮರ್ಗಾ ಪೇಟೆಯ ಬಸ್ಸು ಹತ್ತಿ, ಬಣ್ಣದ ಮೀನಿನ ಅಂಗಡಿಗೆ ಹೋದೆ.

ಅಂಗಡಿಯವನು ಮೊದಲು ಗಾಜಿನ ಪಾಚಿ ತಿನ್ನುವ ಸಕರ್ ಮೀನು ತೋರಿಸಿದ. "ಇದು ಮೊಳದುದ್ದ ಬೆಳೀತದ, ಸಣ್ಣ ಟ್ಯಾಂಕಿಗೆ ಹೊಂದಂಗಿಲ್ಲ. ನನಗ ಕಲಿಸ್ತೀ ಏನು?" ಎಂದು ಗದರಿದೆ. ಅದೆಲ್ಲ ನೀನು ಹೇಳಿಕೊಟ್ಟದ್ದೆಂದು ಅವನಿಗೇನು ಗೊತ್ತು! ಆಮೇಲೆ ಕಿರುಬೆರಳಿಗಿಂತ ಸಣ್ಣ ಮೀನು ತೆಗೆದ. "ಕಾಕಾ, ಇವು ಪಕ್ಕಾ ಶಾಕಾಹಾರಿ ರೀ. ಖರೇ ಒಂದ ಒಯ್ಯಬ್ಯಾಡ್ರಿ, ಒಂಟಿ ಆದ್ರ ಕೊರಗ್ತಾವ" ಎಂದ. ಒಂದು ಗುಂಪನ್ನೇ ತಂದೆ.

"ಅಣ್ಣಾ, ಇವು ನಮ್ಮಂಗ ಪಾಚಿ-ಪಲ್ಯ ತಿನ್ನೋ ಮಂದಿ. ಇವ್ರನ್ನಾದ್ರೂ ಮನ್ಯಾಗ ಇಟ್ಕೋತೀಯೋ ಇಲ್ಲೋ?" ಎಂದೆ. ಮೀನು ತಿನ್ನುವವರ ಮನೆಗೆ ಸೊಸೆಯಾಗಿ ಹೋದೆಯೆಂದು ನಿನ್ನ ಹೆಸರೆತ್ತುವುದನ್ನೇ ಬಿಟ್ಟವನು, ಪೇಪರು ಬಿಡಿಸಿ ಕೂತ. ಮೀನನ್ನು ಹೊರಗೆ ಮಾತ್ರ ಒಗೆಯಲಿಲ್ಲ.

ಈಗ ಅವು ಗಾಜಿಗೆ ಬಾಯಿ ಹಚ್ಚಿ ಸದ್ದಿಲ್ಲದೆ ಮೇಯುತ್ತಿವೆ. ಅಂಗೈಯಗಲ ಜಾಗ ತಿಳಿಯಾಗಿದೆ. ಇವತ್ತು ಸಂಜೆ ನಿಮ್ಮಪ್ಪ ತಾನೇ ಕುರ್ಚಿ ಎಳೆದುಕೊಂಡು, ಆ ತಿಳಿಯೊಳಗಿಂದ ಆಚೆ ನೋಡುತ್ತ ಕೂತಿದ್ದ.

ಟ್ಯಾಂಕಿನ ಆಚೆ ಏನಿದೆ ಅಂತ ನಿನಗೆ ಗೊತ್ತಲ್ಲ, ಮಗಳೇ. ನಮ್ಮ ತಲಬಾಗಿಲು.

ನಿನ್ನ ಕಾಕಾ