ರೂಟರ್ ಕೆಟ್ಟಿಲ್ಲ ಕಣೋ

ತಮ್ಮಾ,

ಗೆದ್ದೆ ಕಣೋ! ಹೊಸ ರೂಟರ್ ತರೋಕೆ ಹೋಗ್ಬೇಡ. "ನಿನ್ನ ಕೈಲಾಗೋ ಕೆಲಸ ಅಲ್ಲ" ಅಂದಿದ್ಯಲ್ಲ, ಈಗ ಓದು.

ಲ್ಯಾಪ್‌ಟಾಪನ್ನ ಕೇಬಲ್ ಹಾಕಿ ರೂಟರಿಗೇ ಸಿಕ್ಕಿಸಿದೆ, ನೆಟ್ ಕುದುರೆ ಥರ ಓಡ್ತು. ಕೇಬಲ್ ತೆಗೆದು ಅಮ್ಮನ ರೂಮಿಗೆ ಒಯ್ದೆ, ಸತ್ತೇ ಹೋಯ್ತು. ಅಂದ್ರೆ ಲೈನ್ ಸರಿಯಿದೆ, ಮಧ್ಯೆ ಏನೋ ಅಡ್ಡ ಕೂತಿದೆ. ಏನು ಗೊತ್ತಾ? ಹೋದ ವಾರ ನೀನು ಕ್ರಾಪು ತೀಡ್ಕೊಳ್ಳೋಕೆ ಅಂತ ರೂಟರ್ ಮುಂದೆ ತಂದು ನಿಲ್ಲಿಸಿದ ನಿಲುಗನ್ನಡಿ! ಅದರ ಬೆನ್ನಿಗಿರೋ ಲೋಹದ ಲೇಪ ವೈಫೈನ ತಡೀತಿತ್ತು.

ಅದನ್ನ ಸರಿಸಿದ್ದೇ ತಡ, ಮುಖ ಸಣ್ಣ ಮಾಡ್ಕೊಂಡಿದ್ದ ಅಮ್ಮ ಆನ್‌ಲೈನ್ ಸಂಗೀತ ಪಾಠಕ್ಕೆ ಕೂತಿದ್ದಾಳೆ, ಕರೀಬೇಡ. ಊಟ ಮುಚ್ಚಿಟ್ಟಿದ್ದೀನಿ.

ಕನ್ನಡಿ ಈಗ ನಿನ್ನ ಮಂಚದ ಪಕ್ಕದಲ್ಲಿದೆ. ವಾರವಿಡೀ ಅಮ್ಮನ ಪಾಠ ನಿಲ್ಲಿಸಿದ್ದ ಕಳ್ಳನ್ನ ನೋಡ್ಬೇಕಾದ್ರೆ ಅದರೆದುರು ನಿಂತ್ಕೋ.

ಅಕ್ಕ