ಪಕ್ಕದ ಮನೆಯ ಪಾರ್ಟಿ, ಎರಡೂ ಕಡೆಯ ಕಮಿಷನ್

ಮನೆ ಮಾರಾಟದ ದಲ್ಲಾಳಿಗಳಿಗೆ ಪರವಾನಗಿ ಕೊಡುವ ಮಾನ್ಯ ಅಧಿಕಾರಿಗಳೇ,

ನನ್ನ ಅಕ್ಕನ ಮನೆಯನ್ನು ಅವಳ ಪಕ್ಕದ ಮನೆಯವರಿಗೇ ಮಾರಿಸಿ, ಇಬ್ಬರಿಂದಲೂ ಕಮಿಷನ್ ಪಡೆದ ದಲ್ಲಾಳಿಯೊಬ್ಬರು ನಿಮ್ಮ ಪರವಾನಗಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡಿದ್ದಾರೆ. ಅಕ್ಕ ಕೊಟ್ಟ ದೂರಿಗೆ ನಿಮ್ಮ ಕಚೇರಿ ಒಂದೇ ಸಾಲಿನ ಉತ್ತರ ಕಳುಹಿಸಿದೆ: 'ಮಾರಾಟ ಪೂರ್ಣಗೊಂಡಿರುವುದರಿಂದ ಸೇವೆ ಸಲ್ಲಿಕೆಯಾಗಿದೆ ಎಂದು ಪರಿಗಣಿಸಲಾಗಿದೆ.' ಯಾವ ಸೇವೆ, ಯಾರಿಗೆ ಎಂದು ಕೇಳಲು ಬಂದರೆ ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎನ್ನುತ್ತಾರೆ. ಅದಕ್ಕೇ ಈ ಮಾತನ್ನು ಪತ್ರಿಕೆಯ ಮೂಲಕ ಕೇಳುತ್ತಿದ್ದೇನೆ. ಪತ್ರಿಕೆ ಓದುವ ಹೊತ್ತಿಗಾದರೂ ತಮಗೆ ಮೀಟಿಂಗ್ ಇರಲಾರದು.

ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ. ಅಕ್ಕ ಟೈಲರ್. ಮನೆಯ ಕೆಳಗಡೆ ಹೊಲಿಗೆ ಅಂಗಡಿ, ಮೇಲೆ ಅಡುಗೆ ಮತ್ತು ನಿದ್ದೆ, ನಡುವೆ ಏಣಿಯಂಥ ಕಡಿದಾದ ಮೆಟ್ಟಿಲು. ಮೊಣಕಾಲು ಕೈಕೊಟ್ಟ ಮೇಲೆ ವೈದ್ಯರು ಇನ್ನು ಮೆಟ್ಟಿಲು ಹತ್ತಬೇಡಿ ಎಂದುಬಿಟ್ಟರು. ಹಿಂದಿನ ಬೀದಿಯಲ್ಲಿ ಮೆಟ್ಟಿಲೇ ಇಲ್ಲದ ಪುಟ್ಟ ಮನೆಯೊಂದು ಮಾರಾಟಕ್ಕಿತ್ತು. ಮುಂದಿನ ಕೋಣೆಗೆ ದಿನವಿಡೀ ಬೆಳಕು. ಸೂಜಿಗೆ ದಾರ ಪೋಣಿಸುವವರಿಗೆ ಅದಕ್ಕಿಂತ ದೊಡ್ಡ ಆಸ್ತಿ ಇಲ್ಲ. ಹಳೆಯದನ್ನು ಮಾರಿ ಅದನ್ನು ಕೊಳ್ಳಬೇಕು, ಗಿರಾಕಿಗಳನ್ನು ಕಳೆದುಕೊಳ್ಳದೆ ದುಡಿದು ಉಣ್ಣಬೇಕು. ಅವಳು ಬಯಸಿದ್ದು ಇಷ್ಟೇ.

ಆಗ ದಲ್ಲಾಳಿಗಳ ಪ್ರವೇಶವಾಯಿತು. ಬೀದಿಯವರು ಅವರನ್ನು ಕರೆಯುವುದು 'ಡಬಲ್ ಫೋನ್' ಎಂದು. ಬಲಗಿವಿಗೆ ಕೊಳ್ಳುವವರ ಫೋನು, ಎಡಗಿವಿಗೆ ಮಾರುವವರ ಫೋನು. ಅವರ ಭಾಷೆಯಲ್ಲಿ ಮನುಷ್ಯರೆಂಬುವರು ಇಲ್ಲ, ಎಲ್ಲರೂ 'ಪಾರ್ಟಿ'ಗಳು.

"ಅಕ್ಕಾ, ಒಳ್ಳೇ ಪಾರ್ಟಿ ಸಿಕ್ಕಿದೆ," ಎಂದರು ಒಂದು ದಿನ.

"ಯಾರಪ್ಪಾ ಅವ್ರು?"

"ಅದೆಲ್ಲ ನಿಮಗ್ಯಾಕೆ? ಪಾರ್ಟಿ ಪಾರ್ಟಿ ನೇರ ಮಾತಾಡಿದ್ರೆ ವ್ಯವಹಾರ ಕೆಟ್ಟೋಗುತ್ತೆ. ಮತ್ತೆ ನಾನಿರೋದು ಯಾಕೆ?"

ನಾನಿರೋದು ಯಾಕೆ! ಈ ಪತ್ರದಲ್ಲಿ ನಾನು ಕೇಳುತ್ತಿರುವುದೂ ಅದನ್ನೇ.

ಪಾರ್ಟಿಯ ಕಡೆಯಿಂದ ಅಕ್ಕ ಎಂದೂ ಕಂಡಿರದ ಒಬ್ಬರು ಬಂದು ಮನೆ ನೋಡಿಕೊಂಡು ಹೋದರು. ಸ್ವಲ್ಪ ದಿನ ಬಿಟ್ಟು ಡಬಲ್ ಫೋನ್ ಸಪ್ಪೆ ಮುಖ ಹೊತ್ತು ಬಂದರು. "ಪಾರ್ಟಿ ಹಿಂದೇಟು ಹಾಕ್ತಿದೆ ಅಕ್ಕಾ. ಅಂಗಡಿ ಗೋಡೆ ತೇವ ಅಂತೆ."

"ತೇವ ಇದ್ದಿದ್ರೆ ಗಿರಾಕಿಗಳ ಬಟ್ಟೆಗೆಲ್ಲ ಬೂಷ್ಟು ಬರ್ತಿರ್ಲಿಲ್ವೇನಪ್ಪಾ?"

"ನಂಗೂ ಗೊತ್ತು, ನಿಮಗೂ ಗೊತ್ತು. ಪಾರ್ಟಿಗೆ ಗೊತ್ತಾಗ್ಬೇಕಲ್ಲ! ಸ್ವಲ್ಪ ಇಳೀರಿ, ನಾಳೇನೇ ಮುಗಿಸಿಬಿಡ್ತೀನಿ."

ಮೆಟ್ಟಿಲು ಇಳಿಯಲಾರದ ಅಕ್ಕ ಬೆಲೆ ಇಳಿದಳು.

ಕರಾರಿನ ದಿನ ನಾನೂ ಅವಳ ಜೊತೆಗಿದ್ದೆ. ದಲ್ಲಾಳಿಗಳ ಕಚೇರಿಯ ಬೆಂಚಿನ ಮೇಲೆ ಅಕ್ಕನ ಪಕ್ಕದ ಮನೆಯ ಪ್ರೆಸ್ಸಿನವರು ಕುಳಿತಿದ್ದರು. ಇವಳ ಹೊಲಿಗೆ ಯಂತ್ರಕ್ಕೂ ಅವರ ಮುದ್ರಣ ಯಂತ್ರಕ್ಕೂ ನಡುವೆ ಇರುವುದು ಒಂದೇ ಗೋಡೆ.

"ಏನಣ್ಣಾ, ನೀವೂ ಮನೆ ಮಾರ್ತಿದೀರಾ?" ಎಂದು ಕೇಳಿದಳು ಅಕ್ಕ.

"ಇಲ್ಲಮ್ಮ, ಕೊಳ್ತಿದೀನಿ."

"ಅಯ್ಯೋ, ಒಳ್ಳೇದಾಯ್ತು. ಯಾರದ್ದು?"

ಪ್ರೆಸ್ಸಿನವರು ನೆಲ ನೋಡಿದರು. "ನಿಮ್ದೇ."

ಆಮೇಲೆ ಒಂದೊಂದೇ ಹೊರಬಿತ್ತು. ಮನೆ ನೋಡಲು ಬಂದಿದ್ದವರು ಪ್ರೆಸ್ಸಿನವರ ಷಡ್ಡಕ. ಅವರನ್ನು ಕಳಿಸಿ ಎಂದು ಹೇಳಿಕೊಟ್ಟವರು ಡಬಲ್ ಫೋನ್. "ನಮ್ಮ ಮಷೀನಿನ ಸದ್ದಿಗೆ ನೀವು ರೋಸಿಹೋಗಿದೀರಿ, ನನ್ನ ಹೆಸರು ಕೇಳಿದ್ರೆ ಬೆಲೆ ಏರಿಸ್ತೀರಿ ಅಂದ್ರಲ್ಲಮ್ಮ ಇವ್ರು!" ಎಂದರು ಪ್ರೆಸ್ಸಿನವರು.

"ನಿಮ್ಮ ಮಷೀನು ನಿಂತ ದಿನ ನಂಗೆ ಹೊಲಿಗೆಗೆ ಕೈಯೇ ಓಡಲ್ಲ ಕಣಣ್ಣಾ. ಅದಿರ್ಲಿ, ಗೋಡೆ ತೇವ ಅಂದ್ರಂತಲ್ಲ?"

"ನಾನಾ? ಅದೇ ಗೋಡೆಗೆ ಒರಗಿಸಿ ಕಾಗದದ ಬಂಡಲ್ ಪೇರಿಸಿದೀನಿ. ತೇವ ಇರೋ ಕಡೆ ಯಾರಾದ್ರೂ ಕಾಗದ ಇಡ್ತಾರಾ? ಬ್ಯಾಂಕಿಂದ ಪೂರ್ತಿ ಸಾಲ ಬರೋಕೆ ಸ್ವಲ್ಪ ಸಮಯ ಕೊಡಿ ಅಂತ ಕೇಳಿದ್ದೆ, ಅಷ್ಟೇ."

ಗಮನಿಸಿ ಅಧಿಕಾರಿಗಳೇ. ಬಲಗಿವಿಯಿಂದ ಎಡಗಿವಿಗೆ ಹೋಗುವಷ್ಟರಲ್ಲಿ 'ಸಮಯ' ಎಂಬ ಮಾತು 'ತೇವ' ಆಗಿತ್ತು. ಇಬ್ಬರ ನಡುವೆ ಇದ್ದದ್ದು ಒಂದು ಇಟ್ಟಿಗೆ ಗೋಡೆ. ಅದರ ಮೇಲೆ ಇನ್ನೊಂದು ಗೋಡೆ ಕಟ್ಟಿ, ಎರಡೂ ಬದಿಯವರಿಂದ ಕೂಲಿ ಪಡೆಯುವುದನ್ನು ನಿಮ್ಮ ಕಚೇರಿ 'ಸೇವೆ' ಎನ್ನುತ್ತದೆ. ಡಬಲ್ ಫೋನ್ ಮಾತ್ರ ಕಿಂಚಿತ್ತೂ ವಿಚಲಿತರಾಗಲಿಲ್ಲ. "ಅದೆಲ್ಲ ಆಮೇಲೆ ನೋಡಣ. ಈಗ ಎರಡೂ ಪಾರ್ಟಿ ಒಂದೇ ಬೆಂಚಲ್ಲಿ ಕೂತಿದಾವೆ ಅಂದ್ರೆ ಯಾರಿಂದ ಹೇಳಿ?" ಎಂದು ನಕ್ಕರು.

ಅಷ್ಟರಲ್ಲಿ ಅಕ್ಕ ಹಿಂದಿನ ಬೀದಿಯ ಮನೆಗೆ ಮುಂಗಡ ಕೊಟ್ಟಾಗಿತ್ತು. ಪ್ರೆಸ್ಸಿನವರಿಗೆ ಇಳಿಸಿದ ಬೆಲೆಯಷ್ಟಕ್ಕೇ ಸಾಲ ಮಂಜೂರಾಗಿತ್ತು. ಕಮಿಷನ್ ಕೊಡುವುದಾಗಿ ಇಬ್ಬರೂ ಮೊದಲೇ ಸಹಿ ಹಾಕಿದ್ದರು. ಹಿಂದೆ ಸರಿಯಲು ದಾರಿಯಿಲ್ಲದೆ ಮಾರಾಟ ನಡೆಯಿತು.

ಬೆಲೆ ಇಳಿಸಿ ದಲ್ಲಾಳಿಗೇನು ಲಾಭ ಎಂದು ತಾವು ಕೇಳಬಹುದು. ನಾನೂ ಕೇಳಿಕೊಂಡೆ. ಬೆಲೆ ಇಳಿದಾಗ ಅಕ್ಕ ಕಳೆದುಕೊಂಡದ್ದು ಒಂದು ಮನೆ, ದಲ್ಲಾಳಿ ಕಳೆದುಕೊಂಡದ್ದು ಕಮಿಷನ್ನಿನ ಒಂದು ಚೂರು. ಬ್ಯಾಂಕಿನ ಸಾಲಕ್ಕೆ ಕಾಯುವ ಬದಲು ಇದನ್ನು ಮುಗಿಸಿದರೆ ಮುಂದಿನ ಪಾರ್ಟಿಯನ್ನು ಹಿಡಿಯಬಹುದು. ಅಕ್ಕನ ಪರ ಗಟ್ಟಿಯಾಗಿ ನಿಲ್ಲುವುದು ಅವರಿಗೆ ನಷ್ಟದ ಬಾಬತ್ತು. ಹಾಗಿದ್ದೂ ಅವರನ್ನು ಅವಳ ಪ್ರತಿನಿಧಿ ಎಂದು ಕರೆಯುವ ಧೈರ್ಯ ನಿಮ್ಮ ನಿಯಮಾವಳಿಗಿದೆ.

ದಲ್ಲಾಳಿಗಳೆಲ್ಲ ಹೀಗೇ ಎಂದು ನಾನು ಬರೆದರೆ ಅದು ಸುಳ್ಳಾಗುತ್ತದೆ. ನನ್ನ ಸಹೋದ್ಯೋಗಿಯೊಬ್ಬರು ಮನೆ ಕೊಳ್ಳಲು ಹೊರಟಾಗ ಅವರ ದಲ್ಲಾಳಿ ಹಿತ್ತಲನ್ನೆಲ್ಲ ಸುತ್ತಿ ಬಂದು, "ಬೇಡ ಸಾರ್, ಇದರ ಬಚ್ಚಲ ನೀರು ಪಕ್ಕದವರ ಜಾಗದಲ್ಲಿ ಹೋಗ್ತಿದೆ. ಆಯಸ್ಸೆಲ್ಲ ಜಗಳ ಆಡ್ತೀರಿ," ಎಂದರು. ವ್ಯವಹಾರ ಮುರಿಯಿತು, ಅವರಿಗೆ ಬಿಡಿಗಾಸೂ ಹುಟ್ಟಲಿಲ್ಲ. ಹಿತ್ತಲು ಸುತ್ತಿ ನಿಜ ಹೇಳಿದವರಿಗೆ ಬರಿಗೈ, ಕುರ್ಚಿಯಲ್ಲಿ ಕೂತು ಸುಳ್ಳು ಹೇಳಿದವರಿಗೆ ಎರಡೂ ಕೈ. ಕೆಲಸಕ್ಕೆ ಕೂಲಿ ಕೊಡದೆ ನೋಂದಣಿಗೆ ಮಾತ್ರ ಕೂಲಿ ಕೊಡುವ ಈ ಪದ್ಧತಿ ತಮ್ಮದು. ಡಬಲ್ ಫೋನ್ ಅದರ ಒಳ್ಳೆಯ ವಿದ್ಯಾರ್ಥಿ, ಅಷ್ಟೇ.

ಈಗ ಪರಿಸ್ಥಿತಿ ಹೀಗಿದೆ. ಬೆಲೆ ಇಳಿಸಿದ್ದರಿಂದ ಅಕ್ಕನಿಗೆ ಹೊಸ ಮನೆ ಕೊಳ್ಳಲು ಹಣ ಸಾಲದು. ಪ್ರೆಸ್ಸಿನವರು ಮೊನ್ನೆ ತಾವಾಗಿಯೇ ಬಂದು, "ಕಮಿಷನ್ ವಾಪಸ್ ಬಂದ್ರೆ ಅಷ್ಟನ್ನೂ ನಿಮಗೇ ಕೊಡ್ತೀನಮ್ಮ, ಅದು ನಿಮ್ಮ ಗೋಡೆಯ ದುಡ್ಡು," ಎಂದು ಹೇಳಿ ಹೋದರು. ಅವರು ಕೊಟ್ಟ ಕಮಿಷನ್, ಅಕ್ಕ ಕೊಟ್ಟ ಕಮಿಷನ್ ಎರಡೂ ಕೂಡಿದರೆ ಆ ಮನೆ ಅವಳದಾಗುತ್ತದೆ. ಅದರ ಮಾಲೀಕರು ಈ ತಿಂಗಳ ಕೊನೆಯವರೆಗೆ ಕಾಯುತ್ತೇವೆಂದಿದ್ದಾರೆ. ಸದ್ಯ ಅಕ್ಕ ನಮ್ಮ ಎರಡು ಕೋಣೆಯ ಮನೆಯಲ್ಲಿದ್ದಾಳೆ. ಊರಿನ ಈ ತುದಿಗೆ ಅವಳ ಗಿರಾಕಿಗಳು ಬರುವುದಿಲ್ಲ. ಯಂತ್ರದ ಮೇಲೆ ಹೊದಿಸಿದ ಬಟ್ಟೆಯನ್ನು ಅವಳು ಇನ್ನೂ ತೆಗೆದಿಲ್ಲ.

ನನ್ನ ಒತ್ತಾಯ ಇಷ್ಟೇ. ಆ ದಲ್ಲಾಳಿಯನ್ನೂ ಇವರಿಬ್ಬರನ್ನೂ ತಿಂಗಳು ಮುಗಿಯುವುದರೊಳಗೆ ಎದುರುಬದುರು ಕೂರಿಸಿ ವಿಚಾರಿಸಿ, ಎರಡೂ ಕಮಿಷನ್ ವಾಪಸ್ ಕೊಡಿಸಿ. ಕೊಳ್ಳುವವರು ಮಾರುವವರು ಪರಸ್ಪರ ಮುಖ ನೋಡದೆ ಬೆಲೆ ನಿಗದಿಯಾಗಕೂಡದೆಂದು ನಿಯಮ ಮಾಡಿ. ಅದು ಸಾಧ್ಯವಿಲ್ಲವಾದರೆ, ಮೆಟ್ಟಿಲಿಲ್ಲದ ಇನ್ನೊಂದು ಮನೆಯನ್ನು ತಾವೇ ಹುಡುಕಿಕೊಡಿ. ತಮಗೆ ಕಮಿಷನ್ ಕೊಡಲು ನಾನು ಸಿದ್ಧ.

ಇಂತಿ,
ಮುಂದಿನ ಕೋಣೆಯನ್ನು ಅಕ್ಕನಿಗೆ ಬಿಟ್ಟುಕೊಟ್ಟು ಅಡುಗೆಮನೆಯಲ್ಲಿ ಮಲಗುತ್ತಿರುವ ಒಬ್ಬ ತಮ್ಮ