ನಾಲ್ಕನೆಯ ಕಲಮು, ಎರಡನೆಯ ಉಪಕಲಮು

ಲಾಸ್ ಗಾರ್ಸಾಸ್, ನ್ಯೂ ಮೆಕ್ಸಿಕೊ
ಮೇ ೧೪, ೨೦೧೯

ರಾಷ್ಟ್ರೀಯ ಎನ್ಸಿನಾ ಸ್ಪ್ಯಾನಿಷ್ ಗೌರವ ಸಂಘದ ಘನ ಅಧ್ಯಕ್ಷೆಯೂ ದುರದೃಷ್ಟಕ್ಕೆ ನನ್ನ ಒಡಹುಟ್ಟಿದವಳೂ ಆದ ಎಲೊಯ್ಸಾ ಅಕ್ಕನಿಗೆ,

ತಂಗಿ ಹೆನೊವೇವಾ ಬರೆಯುವುದು. ನಾವು ಕ್ಷೇಮ. ನೀನೂ ಕ್ಷೇಮವಾಗಿಯೇ ಇರುತ್ತೀಯ, ನಿಯಮದ ಪ್ರಕಾರ ಬದುಕುವವರಿಗೆ ಏನಾಗುತ್ತದೆ?

ನಿನ್ನ ಕಚೇರಿಯ ನೋಟೀಸು ಬಂತು. "ಮಾನ್ಯ ಶ್ರೀಮತಿ ಲುಸೇರೊ ಅವರೇ" ಎಂದು ಶುರುವಾಗಿತ್ತು. ನಿನ್ನ ಮನೆತನದ ಹೆಸರೂ ಅದೇ ಎಂಬುದು ಟೈಪು ಮಾಡಿದವರಿಗೆ ಗೊತ್ತಿಲ್ಲದಿರಬಹುದು, ಕೆಳಗೆ ಸಹಿ ಹಾಕಿದವಳಿಗೆ ಗೊತ್ತಿರಬೇಕಿತ್ತು. ಅನರ್ಹ ವಿದ್ಯಾರ್ಥಿನಿಯೊಬ್ಬಳನ್ನು ಸದಸ್ಯಳನ್ನಾಗಿ ಸೇರಿಸಿಕೊಂಡ ತಪ್ಪಿಗೆ ನಾನು ನಡೆಸುವ ನಮ್ಮ ಶಾಲೆಯ ಶಾಖೆಯ ಮಾನ್ಯತೆಯನ್ನು ಯಾಕೆ ರದ್ದು ಮಾಡಬಾರದು ಎಂದು ಕೇಳಿದ್ದೀರಿ. ವಿವರಣೆ ಇಂಗ್ಲಿಷಿನಲ್ಲಿಯೇ ಇರಬೇಕಂತೆ. ನಾನು ಸ್ಪ್ಯಾನಿಷಿನಲ್ಲಿ ಬರೆಯುತ್ತಿದ್ದೇನೆ. ಸ್ಪ್ಯಾನಿಷ್ ಸಂಘಕ್ಕೆ ಸ್ಪ್ಯಾನಿಷಿನಲ್ಲಿ ಬರೆದದ್ದು ಕಸದ ಬುಟ್ಟಿಗೆ ಹೋಗುತ್ತದೆ ಎಂದು ತಿಳಿದೇ ಬರೆಯುತ್ತಿದ್ದೇನೆ. ನಿನ್ನ ಗುಮಾಸ್ತರಿಗೆ ಓದಲು ಬರದಿದ್ದರೆ ನೀನೇ ಓದು. ಒಂದು ಕಾಲದಲ್ಲಿ ನಿನಗೆ ಬರುತ್ತಿತ್ತು.

ಆ ವಿದ್ಯಾರ್ಥಿನಿ ನಿನಗೆ ಕಡತದಲ್ಲಿರುವ ಒಂದು ಹೆಸರು. ಅವಳು ಯುರಿದಿಯಾ ಸೆಲಾಯಾ. ಹೊಂಡುರಾಸಿನ ಒಲಾಂಚೊ ಕಡೆಯವಳು, ಸ್ಪ್ಯಾನಿಷೇ ಮನೆಮಾತು. ಇಲ್ಲಿನ ಹಾಲಿನ ಡೇರಿಯಲ್ಲಿ ದುಡಿಯುವ ಸೋದರಮಾವನ ಮನೆಯಲ್ಲಿದ್ದಾಳೆ. ನಮ್ಮ ಶಾಲೆಗೆ ಸೇರಿದ ದಿನ ಅವಳಿಗೆ ಸ್ಪ್ಯಾನಿಷ್ ಎಷ್ಟು ಬರುತ್ತದೆಂದು ಪರೀಕ್ಷೆ ಕೊಟ್ಟರು. ಅವಳು ಉತ್ತರಗಳನ್ನು ಬರೆದು, ಪ್ರಶ್ನೆಗಳಲ್ಲಿದ್ದ ತಪ್ಪುಗಳನ್ನೂ ತಿದ್ದಿ ಕೊಟ್ಟಳು. ಇವಳಿಗೆ ಸ್ಪ್ಯಾನಿಷ್ ತರಗತಿಯ ಅಗತ್ಯವೇ ಇಲ್ಲ ಎಂದು ಶಾಲೆಯವರು ಪೂರ್ತಿ ಅಂಕ ಕೊಟ್ಟು ಬಿಟ್ಟುಬಿಟ್ಟರು.

ಸಂಘದ ಸದಸ್ಯರು ಕೆಳಗಿನ ತರಗತಿಯವರಿಗೆ ಪಾಠ ಹೇಳಿಕೊಡಬೇಕು ಎಂಬ ನಿಯಮ ಇದೆಯಲ್ಲ, ಅದನ್ನು ನಮ್ಮ ಸದಸ್ಯರು ಹೇಗೆ ಪಾಲಿಸುತ್ತಿದ್ದರು ಗೊತ್ತೇ? ಮಧ್ಯಾಹ್ನ ಊಟದ ಹೊತ್ತಿಗೆ ಯುರಿದಿಯಾ ಸದಸ್ಯರಿಗೆ ಹೇಳಿಕೊಡುತ್ತಿದ್ದಳು, ಅವರು ಅದನ್ನೇ ಒಯ್ದು ಚಿಕ್ಕವರಿಗೆ ಒಪ್ಪಿಸುತ್ತಿದ್ದರು. ಶಾಖೆಯ ಅಧ್ಯಕ್ಷೆ ಪೈಜ್ ಎಂಬ ಹುಡುಗಿ. ತುಂಬಾ ಒಳ್ಳೆಯವಳು, ಕ್ರಿಯಾಪದ ಕಂಡರೆ ಮಾತ್ರ ಅಳು ಬರುತ್ತದೆ. ಅವಳೇ ಒಂದು ದಿನ ನನ್ನನ್ನು ಕೇಳಿದಳು, "ಮಿಸ್, ನಮಗೆಲ್ಲ ಹೇಳಿಕೊಡೋದು ಇವಳು. ಮತ್ತೆ ಇವಳ್ಯಾಕೆ ಸಂಘದಲ್ಲಿಲ್ಲ?"

ಯಾಕೆಂದರೆ ನಾಲ್ಕನೆಯ ಕಲಮು, ಎರಡನೆಯ ಉಪಕಲಮು. ಸದಸ್ಯರಾಗುವವರು ಶಾಲೆಯ ಸ್ಪ್ಯಾನಿಷ್ ತರಗತಿಯಲ್ಲಿ ಕೂತು 'ಎ' ಶ್ರೇಣಿ ಪಡೆದಿರಬೇಕು. ಸ್ಪ್ಯಾನಿಷ್ ಚೆನ್ನಾಗಿ ಬರುತ್ತದೆ ಎಂಬ ಕಾರಣಕ್ಕೆ ತರಗತಿಯಿಂದ ಹೊರಗಿಟ್ಟವಳನ್ನು, ತರಗತಿಯಲ್ಲಿಲ್ಲ ಎಂಬ ಕಾರಣಕ್ಕೆ ಸಂಘದಿಂದಲೂ ಹೊರಗಿಡಬೇಕು. ಇಂಥದ್ದನ್ನು ಬರೆಯುವುದಕ್ಕೆ ಸಮಿತಿ, ಉಪಸಮಿತಿ, ಹೋಟೆಲಿನಲ್ಲಿ ಚರ್ಚೆ!

ಅವಳಿಗೆ ಸದಸ್ಯತ್ವ ಬೇಕಿದ್ದದ್ದು ಸದಸ್ಯರು ಸಮಾರಂಭಗಳಲ್ಲಿ ಕೊರಳಿಗೆ ಹಾಕುವ ಕೆಂಪು-ಹಳದಿ ಹುರಿಗಾಗಿ ಅಲ್ಲ. ಸಂಘದವರು ಬೇಸಿಗೆಯಲ್ಲಿ ದುಭಾಷಿಗಳ ತರಬೇತಿ ನಡೆಸುತ್ತೀರಲ್ಲ, ಸದಸ್ಯರಿಗೆ ಮಾತ್ರ, ಅದಕ್ಕಾಗಿ. ಅವಳ ಅತ್ತೆ ಆಸ್ಪತ್ರೆಗೆ ಹೋದಾಗ ಅಲ್ಲಿದ್ದ ದುಭಾಷಿ "ತಲೆ ಸುತ್ತುತ್ತದೆ" ಎಂಬುದನ್ನು "ತಲೆ ಕೆಟ್ಟಿದೆ" ಎಂದು ಡಾಕ್ಟರಿಗೆ ಹೇಳಿ, ಅವರು ಮಾನಸಿಕ ವಿಭಾಗಕ್ಕೆ ಚೀಟಿ ಬರೆದುಕೊಟ್ಟಿದ್ದರು. ಆವತ್ತೇ ಈ ಹುಡುಗಿ ತಾನು ಏನಾಗಬೇಕೆಂದು ನಿಶ್ಚಯಿಸಿದ್ದಳು.

ನಾನು ನಿನಗೆ ಫೋನ್ ಮಾಡಿದ್ದು ನೆನಪಿದೆಯೇ? ನೀನು ಅರ್ಧ ಇಂಗ್ಲಿಷಿನಲ್ಲಿ ಅಂದೆ, "ವೇವಾ, ರೂಲ್ ಅಂದ್ರೆ ರೂಲ್ ಕಣೇ. ಇವಳೊಬ್ಬಳಿಗೆ ಬಿಟ್ರೆ ನಾಳೆ ಮನೇಲಿ ಸ್ಪ್ಯಾನಿಷ್ ಮಾತಾಡೋರೆಲ್ಲ ಬಂದು ಸಾಲಾಗಿ ನಿಂತ್ಕೋತಾರೆ."

"ನಿಂತ್ಕೊಳ್ಳಲಿ ಬಿಡು, ಸ್ಪ್ಯಾನಿಷ್ ಸಂಘ ತಾನೇ?" ಅಂದೆ ನಾನು.

"ನಮ್ದು ಕಲಿತವರ ಸಂಘ. ಅದರಲ್ಲೇ ಹುಟ್ಟಿದವರ ಸಂಘ ಅಲ್ಲ," ಅಂದೆ ನೀನು. ಆಮೇಲೆ ದೊಡ್ಡ ಉಪಕಾರ ಮಾಡುವವಳ ಹಾಗೆ ದಾರಿಯನ್ನೂ ತೋರಿಸಿದೆ. "ಅಷ್ಟಿದ್ರೆ ಅವಳನ್ನ ಯಾವುದಾದ್ರೂ ಸ್ಪ್ಯಾನಿಷ್ ಕ್ಲಾಸಿಗೆ ಹಾಕು. ಒಂದು ಸೆಮಿಸ್ಟರ್ ಕೂತು 'ಎ' ತಗೊಂಡ್ರೆ ಸಾಕು, ನಾನೇ ಮಂಜೂರು ಮಾಡ್ತೀನಿ."

ಹಾಕಿದೆ. ಖಾಲಿ ಇದ್ದದ್ದು ಬ್ರ್ಯಾಂಟ್ ಮೇಷ್ಟರ ಮೊದಲನೆಯ ಹಂತದ ತರಗತಿಯಲ್ಲಿ ಮಾತ್ರ. ಆತ ಅಸಲಿಗೆ ಫುಟ್‌ಬಾಲ್ ತರಬೇತುದಾರ. ಕಾಲೇಜಿನಲ್ಲಿದ್ದಾಗ ಒಂದು ಬೇಸಿಗೆ ಮ್ಯಾಡ್ರಿಡ್‌ನಲ್ಲಿ ಕಳೆದಿದ್ದಾನೆ, ಅದರ ಅಮಲು ಇನ್ನೂ ಇಳಿದಿಲ್ಲ. ಯುರಿದಿಯಾ ಅಲ್ಲಿ ಹದಿನಾಲ್ಕು ವರ್ಷದವರ ನಡುವೆ ಕೂತು ಕೆಂಪು, ಹಸಿರು, ನೀಲಿ ಅನ್ನತೊಡಗಿದಳು. ಕಾರಿಡಾರಿನಲ್ಲಿ ಸಿಕ್ಕಾಗ ಹೇಗಿದೆ ಪಾಠ ಎಂದು ಕೇಳಿದೆ.

"ಚೆನ್ನಾಗಿದೆ ಮಿಸ್. ಬಣ್ಣಗಳೆಲ್ಲ ಮುಗಿದ್ವು. ಈಗ ಹತ್ತರ ತನಕ ಎಣಿಸೋಕೆ ಬರುತ್ತೆ. ಮುಂದಿನ ವಾರ ಇಪ್ಪತ್ತಕ್ಕೆ ಹೋಗ್ತೀವಂತೆ, ಕೈಕಾಲು ನಡುಗ್ತಿದೆ," ಅಂದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಸೆಮಿಸ್ಟರ್ ಮುಗಿದಾಗ ಅವಳಿಗೆ ಬಂದದ್ದು 'ಬಿ'. ನಾನು ಬ್ರ್ಯಾಂಟನ ಕೋಣೆಗೇ ಹೋದೆ.

"ಅವಳು 'ನೀನು' ಅನ್ನೋದಕ್ಕೆ 'ವೋಸ್' ಅಂತ ಬರೀತಾಳೆ," ಅಂದ. "ನಮ್ಮ ಪುಸ್ತಕದಲ್ಲಿ ಆ ಪದವೇ ಇಲ್ಲ."

"ಅವರ ದೇಶದಲ್ಲಿ ಎಲ್ಲರೂ ಹಾಗೇ ಅನ್ನೋದು."

"ಇರಬಹುದು. ಆದ್ರೆ ಪರೀಕ್ಷೆ ಇಲ್ಲಿ ತಾನೇ? ಅಲ್ಲದೆ ತರಗತಿಯಲ್ಲಿ ಭಾಗವಹಿಸೋದಕ್ಕೂ ಅಂಕ ಇದೆ. ಎಲ್ಲರೂ ಬಣ್ಣಗಳ ಹಾಡು ಹೇಳಿದ್ರು, ಇವಳು ಹೇಳ್ಲಿಲ್ಲ. ಮಾತಾಡಿದ್ರೆ ತುಂಬಾ ವೇಗ. ಉಳಿದ ಮಕ್ಕಳಿಗೆ ಅರ್ಥ ಆಗಲ್ಲ." ಪುಸ್ತಕ ಮುಚ್ಚುತ್ತಾ, "ನಿಜ ಹೇಳ್ಬೇಕಂದ್ರೆ ನನಗೂ ಆಗಲ್ಲ," ಅಂದ. ಅವನ ಈ ಒಂದು ಮಾತಿಗೆ ಮಾತ್ರ ನಾನು ಗೌರವ ಕೊಡುತ್ತೇನೆ. ನಿನ್ನ ಬಾಯಿಂದ ಅಷ್ಟು ನಿಜವೂ ಬಂದಿಲ್ಲ.

ಆಮೇಲೆ ಮಾರ್ಚ್‌ನಲ್ಲಿ ಸ್ಯಾನ್ ಆಂಟೋನಿಯೊದ ಮಹಾಸಭೆ. ನಾನು ಬಂದದ್ದು ನಾಲ್ಕನೆಯ ಕಲಮಿಗೆ ತಿದ್ದುಪಡಿ ಮಂಡಿಸುವುದಕ್ಕೆ, ಒಂದೇ ಒಂದು ವಾಕ್ಯ: "ಭಾಷೆಯನ್ನು ಮನೆಯಲ್ಲಿ ಕಲಿತವರಿಗೆ ತರಗತಿಯ ನಿಬಂಧನೆ ಅನ್ವಯಿಸದು." ಎದ್ದು ನಿಂತು ಸ್ಪ್ಯಾನಿಷಿನಲ್ಲಿ ಓದಿದೆ. ನಿನ್ನ ಪಕ್ಕದಲ್ಲಿದ್ದ ಆ ಕಾನೂನು ಸಲಹೆಗಾರ ಒಂಬತ್ತನೆಯ ಕಲಮು ತೆಗೆದು ಕ್ರಿಯಾಲೋಪ ಎತ್ತಿದ. ಸಂಘದ ಕಲಾಪಗಳು ಇಂಗ್ಲಿಷಿನಲ್ಲಿಯೇ ನಡೆಯತಕ್ಕದ್ದು. ನೀನು ಮರದ ಸುತ್ತಿಗೆ ಕುಟ್ಟಿ, "ಪ್ರತಿನಿಧಿಯ ಮಾತು ಸಭೆಗೆ ಅರ್ಥವಾಗುತ್ತಿಲ್ಲ, ತಿದ್ದುಪಡಿ ತಿರಸ್ಕೃತ" ಎಂದು ಇಂಗ್ಲಿಷಿನಲ್ಲಿ ಘೋಷಿಸಿದೆ. ಸಭಾಂಗಣದ ತುಂಬ ಸ್ಪ್ಯಾನಿಷ್ ಮೇಷ್ಟರು, ಮೇಡಮ್ಮುಗಳು! ಯಾರಿಗೂ ಅರ್ಥವಾಗಲಿಲ್ಲ. ನನ್ನ ಜೊತೆ ಒಂದೇ ಹಾಸಿಗೆಯಲ್ಲಿ ಬೆಳೆದ ನಿನಗೂ ಆಗಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ನಾನು ಹಲ್ಲು ಕಚ್ಚಿಕೊಂಡು ವಾಪಸು ಬರುತ್ತಿದ್ದೆ. ಸಂಜೆಯ ಔತಣಕ್ಕೆ ನೀನು ಅಮ್ಮನನ್ನು ವೇದಿಕೆಗೆ ಹತ್ತಿಸಿದೆ. "ನಮ್ಮ ಪರಂಪರೆ" ಎಂದು ಪರಿಚಯಿಸಿ ಹೂಗುಚ್ಛ ಕೊಟ್ಟೆ. ಅಮ್ಮ ಊರಿನಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಸೋಂಪಿನ ಬಿಸ್ಕತ್ತು ತಂದಿದ್ದಳು. ಯಾರೋ ಮೈಕು ಹಿಡಿದರು. "ಎಲ್ರಿಗೂ ತಿಂಡಿ ತಂದಿದೀನಿ ಮಕ್ಳಾ," ಅಂದಳು. 'ತಂದಿದೀನಿ' ಎನ್ನುವುದಕ್ಕೆ ನಮ್ಮ ಕಣಿವೆಯಲ್ಲಿ ಎಲ್ಲರೂ ಅನ್ನುವ ಹಾಗೆ 'ತ್ರೂಹೆ' ಅಂದಳು.

ನೀನು ಮೈಕಿಗೆ ಬಾಯಿ ಕೊಟ್ಟು ನಗುತ್ತಾ, "'ತ್ರಾಹೆ' ಅಮ್ಮಾ, 'ತ್ರಾಹೆ'," ಅಂದೆ. ಸಭೆಯೂ ನಕ್ಕಿತು. ಮಧ್ಯಾಹ್ನ ಸ್ಪ್ಯಾನಿಷ್ ಅರ್ಥವಾಗದಿದ್ದವರಿಗೆ ಆ ಸಂಜೆ ಅದು ಎಷ್ಟು ಚೆನ್ನಾಗಿ ಅರ್ಥವಾಯಿತು ನೋಡು! ಅಮ್ಮನೂ ನಕ್ಕಳು. ಹೂಗುಚ್ಛವನ್ನು ಎರಡು ಕೈಯಲ್ಲಿ ಹಿಡಿದು ಮೆಟ್ಟಿಲಿಳಿದು ಬಂದು ನನ್ನ ಪಕ್ಕ ಕೂತಳು. ಊಟ ಮುಗಿಯುವವರೆಗೂ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.

ವಾಪಸು ಬಂದ ಮೇಲೆ ನಾನು ನಿರ್ಧರಿಸಿದೆ. ಯುರಿದಿಯಾಳ ಅರ್ಜಿಯ ಮೇಲೆ "ಅರ್ಹಳು" ಎಂದು ನಾನೇ ಬರೆದು ಸಹಿ ಹಾಕಿದೆ. ಏಪ್ರಿಲ್‌ನ ಸದಸ್ಯತ್ವ ಸ್ವೀಕಾರ ಸಮಾರಂಭದ ಕರೆಯೋಲೆಯಲ್ಲಿ ಅವಳ ಹೆಸರು ಅಚ್ಚು ಹಾಕಿಸಿದೆ. ಇಷ್ಟು ನಿಜ, ನಿನ್ನ ಕಡತಕ್ಕೆ ಸೇರಿಸಿಕೋ. ಬ್ರ್ಯಾಂಟ್ ಆ ಕರೆಯೋಲೆ ನೋಡಿದ, ಯಾವುದೋ ಪಂದ್ಯ ಇದೆಯೆಂದು ಸಮಾರಂಭದ ಮೊದಲೇ ಎದ್ದು ಹೋದ, ಹೋಗುತ್ತಾ ನಿಮ್ಮ ಕಚೇರಿಗೆ ಫೋನ್ ಮಾಡಿದ. ಹಾಗಾಗಿ ಮುಂದೆ ನಡೆದದ್ದು ಅವನಿಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ.

ಶಾಲೆಯ ಊಟದ ಕೋಣೆಯಲ್ಲಿ ಮೇಜುಗಳನ್ನು ಸರಿಸಿ ಸಮಾರಂಭ ಮಾಡಿದ್ದೆವು. ಅಮ್ಮನನ್ನೂ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದೆ. ಹೊಸ ಸದಸ್ಯರು ಒಬ್ಬೊಬ್ಬರಾಗಿ ಮೇಣದಬತ್ತಿ ಹಿಡಿದು ಪ್ರತಿಜ್ಞೆ ಓದಬೇಕು. ಯುರಿದಿಯಾಳದೇ ಮೊದಲ ಸರದಿ. ಬಿಳಿ ಅಂಗಿ ತೊಟ್ಟು ಬಂದಿದ್ದಳು, ಅತ್ತೆ ಇಸ್ತ್ರಿ ಮಾಡಿದ್ದು. "ಈ ಭಾಷೆಯನ್ನು ಗೌರವಿಸುತ್ತೇನೆ," ಓದಿದಳು. "ಈ ಭಾಷೆಯ ಜನರನ್ನು ಗೌರವಿಸುತ್ತೇನೆ," ಓದಿದಳು. ಮುಂದಿನ ಸಾಲು "ಸಂಘದ ನಿಯಮಾವಳಿಗೆ ಬದ್ಧಳಾಗಿರುತ್ತೇನೆ". ಅಲ್ಲಿ ನಿಂತುಬಿಟ್ಟಳು.

"ಮಿಸ್, ಒಂದ್ನಿಮಿಷ," ಅಂದಳು. "ನಿಯಮ ಪಾಲಿಸ್ತೀನಿ ಅಂತ ಹೇಳಿದ ತಕ್ಷಣ ನಾನು ಇಲ್ಲಿಂದ ಇಳಿದು ಹೋಗ್ಬೇಕಲ್ವಾ? ನಿಯಮದ ಪ್ರಕಾರ ನಾನು ಇಲ್ಲಿ ನಿಂತಿರೋದೇ ತಪ್ಪು."

ನಾನು ಹತ್ತಿರ ಹೋಗಿ ಪಿಸುಗುಟ್ಟಿದೆ, "ಸುಮ್ನೆ ಓದಿಬಿಡು ಮಗಳೇ. ಯಾರು ಕೇಳಿಸ್ಕೋತಾರೆ?"

"ನಾನು ಕೇಳಿಸ್ಕೋತೀನಲ್ಲ ಮಿಸ್."

"ಬೇಸಿಗೆ ತರಬೇತಿ ತಪ್ಪಿ ಹೋಗುತ್ತೆ ಕಣೇ."

ಅವಳು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಸಂತೆಯಲ್ಲಿ ಕೊಳೆತ ಮಾವು ಎತ್ತಿ ನೋಡಿ ಮತ್ತೆ ಬುಟ್ಟಿಗೇ ಹಾಕುವವರ ನೋಟ. ಆ ಬುಟ್ಟಿಯಲ್ಲಿ ನೀನು, ನಿನ್ನ ಸಂಘ, ಬ್ರ್ಯಾಂಟ್ ಎಲ್ಲರೂ ಇದ್ದಿರಿ. ನಾನೂ ಇದ್ದೆ.

"ಹೋಗ್ಲಿ ಬಿಡಿ," ಅಂದಳು. "ಬಣ್ಣ ಹೇಳಿದೆ, ಎಣಿಸಿದೆ, ಈಗ ಸುಳ್ಳು ಬೇರೆ ಹೇಳ್ಬೇಕಾ? ಇಷ್ಟೆಲ್ಲ ಮಾಡಿ ಒಳಗೆ ಬರೋಕೆ ಇದೇನು ಸ್ವರ್ಗಾನಾ?" ಬತ್ತಿಯನ್ನು ಊದಿ ಆರಿಸಿ ನನ್ನ ಕೈಗೆ ಕೊಟ್ಟು, ಹೋಗಿ ಅಮ್ಮನ ಪಕ್ಕ ಕೂತಳು. ಅಮ್ಮ ಅವಳ ಕೈ ಹಿಡಿದುಕೊಂಡಳು. ಪೈಜ್ ತನ್ನ ಕೊರಳಿನ ಹುರಿ ತೆಗೆದು ಮೇಜಿನ ಮೇಲಿಟ್ಟು ಅವರ ಜೊತೆ ಹೋಗಿ ಕೂತಳು. ಉಳಿದವರು ಸಾಲಾಗಿ ಬಂದು ಪ್ರತಿಜ್ಞೆ ಓದಿ ಹುರಿ ಹಾಕಿಸಿಕೊಂಡರು. ಕಾಲೇಜಿನ ಅರ್ಜಿಗೆ ಬೇಕಲ್ಲ. ಇಬ್ಬರು ಓದುವಾಗ 'ಗೌರವ' ಎಂಬ ಪದದಲ್ಲೇ ಎಡವಿದರು. ಅವರು ಅರ್ಹರು, ಚಿಂತಿಸಬೇಡ.

ಇದೇ ನನ್ನ ವಿವರಣೆ. ಅನರ್ಹಳಾದ ಯಾರನ್ನೂ ನಮ್ಮ ಶಾಖೆ ಸೇರಿಸಿಕೊಂಡಿಲ್ಲ. ನೀನು ಬೇಡವೆಂದವಳಿಗೆ ನೀನೂ ಬೇಡವಾದೆ, ಅಷ್ಟೇ. ಅದಕ್ಕೆ ಯಾವ ಕಲಮಿನಲ್ಲಿ ಶಿಕ್ಷೆ ಇದೆಯೋ ಹುಡುಕಿಕೋ. ಹುಡುಗಿ ಈಗ ಶನಿವಾರಗಳಂದು ಡೇರಿಯ ಹೆಂಗಸರ ಜೊತೆ ಆಸ್ಪತ್ರೆಗೆ ಹೋಗುತ್ತಾಳೆ. ಸರ್ಟಿಫಿಕೇಟಿಲ್ಲದ ಕಾರಣ ಒಳಗಿನ ಕೋಣೆಗೆ ಬಿಡುವುದಿಲ್ಲ, ಬಾಗಿಲಲ್ಲಿ ನಿಂತೇ ಅವರ ಮಾತನ್ನು ಇಂಗ್ಲಿಷಿಗೆ ಮಾಡಿ ಹೇಳುತ್ತಾಳೆ. ಆ ಬಾಗಿಲಲ್ಲಿ ಅವಳನ್ನು ನಿಲ್ಲಿಸಿದ್ದು ನೀನು ಎಂಬುದನ್ನು ನಾನು ಮರೆಯುವುದಿಲ್ಲ.

ಶಾಖೆಯ ಮಾನ್ಯತಾ ಪತ್ರವನ್ನು ಗೋಡೆಯಿಂದ ಇಳಿಸಿ ಇದರೊಂದಿಗೆ ಕಳಿಸುತ್ತಿದ್ದೇನೆ. ಚೌಕಟ್ಟು ನನ್ನದು, ಇಟ್ಟುಕೊಂಡಿದ್ದೇನೆ.

ಇನ್ನು ನಿನ್ನ ಸಂಘಕ್ಕೆ ಸೇರದ,
ಹೆನೊವೇವಾ ಲುಸೇರೊ

ತಾ.ಕ.: ಮಹಾಸಭೆಯಾದಾಗಿನಿಂದ ನೀನು ಭಾನುವಾರ ಫೋನ್ ಮಾಡಿದರೆ ಅಮ್ಮ "ಐ ಯಾಮ್ ಫೈನ್, ಹೌ ಆರ್ ಯು" ಎಂದು ಇಂಗ್ಲಿಷಿನಲ್ಲೇ ಮಾತಾಡುತ್ತಾಳಲ್ಲ, ಈ ವಯಸ್ಸಿನಲ್ಲಿ ಎಷ್ಟು ಹುರುಪು ಎಂದು ನೀನು ಎಲ್ಲರ ಬಳಿಯೂ ಹೇಳಿಕೊಂಡು ಹಿಗ್ಗುತ್ತಿದ್ದೀಯಂತೆ. ಆ ವಾಕ್ಯಗಳನ್ನು ಈಗ ಶನಿವಾರ ಸಂಜೆ ಯುರಿದಿಯಾಳಿಂದ ಹೇಳಿಸಿಕೊಂಡು ಬಾಯಿಪಾಠ ಮಾಡುತ್ತಾಳೆ. ಯಾಕಮ್ಮಾ ಈ ಪಾಡು ಎಂದು ಕೇಳಿದೆ. ನಿನಗೆ ಹೇಳಬೇಡ ಅಂದಿದ್ದಾಳೆ, ಹೇಳುತ್ತಿದ್ದೇನೆ. "ಇಂಗ್ಲಿಷ್ ತಪ್ಪಾದ್ರೆ ನಂಗೆ ನೋವಾಗಲ್ಲ ವೇವಾ," ಅಂದಳು. "ಅದು ನಂದಲ್ವಲ್ಲ."